ಅಂತ್ಯಕಾಲದ ಮಾತು: ಸದ್ಗೃಹಸ್ಥನ ಒಂದು ಕರ್ತವ್ಯ

ವೀರಶೈವ ಧರ್ಮದಲ್ಲಿ ಹುಟ್ಟಿಗೆ ಸಿದ್ಧತೆಯುಂಟು. ಶಿಶುವು ತಾಯಿಯ ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಿನಲ್ಲಿ, ಗುರುವು ಮನೆಗೆ ಬಂದು ಆ ಶಿಶುವಿನ ಸಲುವಾಗಿ ತಾಯಿಗೆ ಲಿಂಗಧಾರಣೆಯ ಸಂಸ್ಕಾರವನ್ನು ನೆರವೇರಿಸುವ ಪದ್ಧತಿ ಅನೇಕ ಮನೆತನಗಳಲ್ಲಿ ಇಂದಿಗೂ ನಡೆದುಬಂದಿದೆ. ಕಣ್ಣು ತೆರೆಯದ ಜೀವಕ್ಕೂ ಮುಂಗಡವಾಗಿ ಶಿವಪಥವನ್ನು ತೋರಿಸಿಡುವ ಧರ್ಮವಿದು. ಬಿತ್ತುವ ಮೊದಲು ಹೊಲವನ್ನು ಹರಗುವ ಒಕ್ಕಲಿಗನಂತೆ, ಬರಲಿರುವುದಕ್ಕೆ ಮೊದಲೇ ಅಣಿಯಾಗುವುದು ಈ ಧರ್ಮದ ಸ್ವಭಾವವೇ ಆಗಿದೆ.

ಆದರೆ ಹುಟ್ಟಿಗೆ ಇಷ್ಟು ಸಿದ್ಧನಾಗುವ ಗೃಹಸ್ಥನು ಸಾವಿನ ಮಾತು ಬಂದೊಡನೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಮನೆಯ ಹಿರಿಯ ತಾಯಿಯೊಬ್ಬಳು ಸಂಜೆಯ ಹೊತ್ತು ಪಡಸಾಲೆಯಲ್ಲಿ ಕುಳಿತು, "ನಾ ಹೋಗೂ ಕಾಲಕ್ಕ ಹಿಂಗಾಗಬೇಕಪಾ" ಎಂದು ಬಾಯಿ ತೆರೆದರೆ ಸಾಕು, ಮಗನು ಗಾಬರಿಯಾಗಿ, "ಅವ್ವಾ, ಹಂತಾ ಮಾತು ಯಾಕ ಆಡ್ತೀ, ಸುಮ್ನಿರು" ಎಂದು ತಡೆದುಬಿಡುತ್ತಾನೆ. ಅವನು ತಡೆಯುವುದು ಪ್ರೀತಿಯಿಂದಲೇ. ಆದರೆ ಆ ಪ್ರೀತಿಯು ತಾಯಿಯ ಬಾಯಿಂದ ಬರಬೇಕಾಗಿದ್ದ ಒಂದು ಅಮೂಲ್ಯವಾದ ಮಾತನ್ನು ಶಾಶ್ವತವಾಗಿ ನುಂಗಿಬಿಡುತ್ತದೆಂಬುದು ಅವನಿಗೆ ಆಗ ತಿಳಿಯುವುದಿಲ್ಲ. ತಿಳಿಯುವುದು ಆಸ್ಪತ್ರೆಯ ಬಾಗಿಲಿನಲ್ಲಿ.

ಗದಗ ಪ್ರಾಂತದ ಯಾವುದೇ ಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಎಂಬತ್ತು ದಾಟಿದ ತಾಯಿ; ಒಕ್ಕಲುತನದ ಹಿರಿಯ ಮಗ; ಪರ ಊರಿನಲ್ಲಿ ನೌಕರಿಯಲ್ಲಿರುವ ಕಿರಿಯ ಮಗ; ಕೊಟ್ಟ ಮನೆಯಿಂದ ಓಡಿಬಂದ ಮಗಳು. ಒಂದು ಬೆಳಿಗ್ಗೆ ಪೂಜೆಗೆ ಕುಳಿತ ತಾಯಿ ಕುಸಿದು ಬಿದ್ದಳು. ಊರಿನಿಂದ ಗದಗಕ್ಕೆ, ಗದಗದಿಂದ ಹುಬ್ಬಳ್ಳಿಗೆ ಒಯ್ದರು. ತೀವ್ರ ನಿಗಾ ಘಟಕದಲ್ಲಿ ಗಂಟಲಿಗೆ ನಳಿಕೆ, ಮೂಗಿಗೆ ನಳಿಕೆ, ಉಸಿರಾಡಿಸುವ ವೆಂಟಿಲೇಟರ್ ಯಂತ್ರ. ಜೀವಮಾನವಿಡೀ ಎದೆಯ ಮೇಲಿದ್ದ ಇಷ್ಟಲಿಂಗವನ್ನು ಬಿಚ್ಚಿ ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಳು. ಮೆದುಳು ಚೇತರಿಸಿಕೊಳ್ಳುವ ಆಸೆಯಿಲ್ಲವೆಂದು ವೈದ್ಯರು ಹೇಳಿದರು. ಮುಂದೇನು ಮಾಡಬೇಕೆಂದು ಮಕ್ಕಳನ್ನು ಕೇಳಿದರು. ಹಿರಿಯನು, ಅವ್ವನನ್ನು ಮನೆಗೆ ಒಯ್ಯೋಣವೆಂದನು. ಕಿರಿಯನು, ಯಂತ್ರ ತೆಗೆಸಿದರೆ ಕೊಂದಂತಾಗುವುದೆಂದನು. ಮಗಳು ಒಂದೇ ಪ್ರಶ್ನೆ ಕೇಳಿದಳು: "ಅವ್ವಗ ಏನು ಬೇಕಾಗಿತ್ತು?" ಆ ಪ್ರಶ್ನೆಗೆ ಉತ್ತರವು ಆ ಮೂವರಲ್ಲಿ ಒಬ್ಬರ ಬಳಿಯಲ್ಲಿಯೂ ಇರಲಿಲ್ಲ. ದಿನಗಳು ಕಳೆದವು, ಹೊಲದ ಮೇಲೆ ಸಾಲವಾಯಿತು, ತಾಯಿಯು ಯಂತ್ರದ ನಡುವೆಯೇ ತೀರಿಕೊಂಡಳು. ಅಣ್ಣತಮ್ಮಂದಿರು ವರ್ಷದ ತಿಥಿಗೂ ಕೂಡಿ ಕುಳಿತು ಪ್ರಸಾದ ಸ್ವೀಕರಿಸಲಿಲ್ಲ.

ಇಲ್ಲಿ ತಪ್ಪು ಯಾರದು? ಮಕ್ಕಳದೆನ್ನಲಾಗದು, ಇಬ್ಬರೂ ತಾಯಿಯನ್ನು ಪ್ರೀತಿಸಿದವರೇ. ವೈದ್ಯರದೆನ್ನಲಾಗದು; ಅವರು ತಮ್ಮ ವಿದ್ಯೆಗೆ ತಕ್ಕಂತೆ ನಡೆದರು. ತಪ್ಪು ಮೌನದ್ದು. ಆಡಬೇಕಾದ ಕಾಲದಲ್ಲಿ ಆಡದೆ ಉಳಿದ ಒಂದು ಮಾತು ಒಂದು ಮನೆಯನ್ನು ಒಡೆಯಿತು. ಆದುದರಿಂದ ಸದ್ಭಕ್ತರು ವಿಚಾರಿಸಬೇಕಾದ ಪ್ರಶ್ನೆಯು ಇದು: ತನ್ನ ಅಂತ್ಯಕಾಲದ ಚಿಕಿತ್ಸೆಯು ಹೇಗಿರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಬುದ್ಧಿಯು ತಿಳಿಯಾಗಿರುವಾಗಲೇ ಹೇಳಿಡುವುದು, ಬರೆದಿಡುವುದು ಶರಣಧರ್ಮಕ್ಕೆ ಸಮ್ಮತವೇ? ಸಮ್ಮತವಾದರೆ, ಅದು ಕೇವಲ ಅನುಕೂಲವೋ, ಕರ್ತವ್ಯವೋ?

ಮೊದಲನೆಯ ಆಕ್ಷೇಪವು ಭಕ್ತಿಯ ಕಡೆಯಿಂದಲೇ ಬರುತ್ತದೆ. ಹುಟ್ಟು ಸಾವು ಶಿವನ ಕೈಯಲ್ಲಿರುವಾಗ ಮನುಷ್ಯನು ಮುಂದಾಗಿ ಕಾಗದ ಬರೆಯುವುದು ಶಿವನಲ್ಲಿ ಅವಿಶ್ವಾಸವಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾವು ಯಾವಾಗ ಬರುವುದೆಂಬುದು ಮನುಷ್ಯನ ಕೈಯಲ್ಲಿಲ್ಲ, ನಿಜ. ಆದರೆ ಬಂದ ಸಾವನ್ನು ಹೇಗೆ ಎದುರುಗೊಳ್ಳಬೇಕೆಂಬುದು ಅವನ ಕೈಯಲ್ಲಿದೆ. ಮಳೆ ಶಿವನ ಕೈಯಲ್ಲಿದೆಯೆಂದು ಒಡ್ಡು ಹಾಕದೆ ಕುಳಿತ ಒಕ್ಕಲಿಗನನ್ನು ಯಾರೂ ಭಕ್ತನೆಂದು ಕರೆಯುವುದಿಲ್ಲ. ದೇಹವನ್ನು ದೇಗುಲವೆಂದು ಕಂಡ ಬಸವಣ್ಣನವರು ದೇಹವನ್ನು ಹಳಿಯಲಿಲ್ಲ. ಹಾಗೆಂದು ದೇಹಕ್ಕೆ ಅಂಟಿಕೊಳ್ಳಲೂ ಹೇಳಲಿಲ್ಲ. ಸ್ಥಾವರಕ್ಕೆ ಅಳಿವುಂಟೆಂಬ ಅರಿವು ಅವರ ಬೋಧೆಯ ತಳಹದಿಯಾಗಿತ್ತು. ಷಟ್‌ಸ್ಥಲದ ಕೊನೆಯ ಸ್ಥಲವು ಐಕ್ಯಸ್ಥಲ. ಸಾಧಕನು ಆ ಸ್ಥಲವನ್ನು ನೆನೆಯುವುದು ಕೊನೆಯ ದಿವಸದಂದಲ್ಲ. ಭಕ್ತಸ್ಥಲದಲ್ಲಿ ಕಾಲಿಡುವ ದಿವಸವೇ ಅವನ ದೃಷ್ಟಿಯು ಐಕ್ಯದ ಕಡೆಗಿರುತ್ತದೆ. ಹೀಗಿರುವಾಗ ಅಂತ್ಯವನ್ನು ಕುರಿತು ಶಾಂತವಾಗಿ ಆಡುವ ಮಾತು ಅಶುಭವಾಗಲಾರದು. ಶರಣರಿಗೆ ಮರಣವು ಭಯದ ದಿನವಾಗಿರಲಿಲ್ಲ, ಹಬ್ಬದ ದಿನವಾಗಿತ್ತು. ಹಬ್ಬಕ್ಕೆ ಮನೆ ಸಾರಿಸಿ ಅಣಿ ಮಾಡುವುದನ್ನು ಯಾರೂ ಅಪಶಕುನವೆನ್ನುವುದಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಚಿಕಿತ್ಸೆ ಬೇಡವೆಂದು ಬರೆದಿಡುವುದು ಆತ್ಮಹತ್ಯೆಗೆ ಸಮವಲ್ಲವೇ? ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಬದುಕಬಲ್ಲ ದೇಹವನ್ನು ಕೆಡಿಸುವುದು ಒಂದು. ತನ್ನ ಕಾಲವನ್ನು ಮುಗಿಸಿ ಹೊರಟ ದೇಹವನ್ನು ಬಲಾತ್ಕಾರದಿಂದ ಹಿಡಿದು ನಿಲ್ಲಿಸದಿರುವುದು ಇನ್ನೊಂದು. ರೋಗವನ್ನು ಗುಣಪಡಿಸುವ ಔಷಧವನ್ನು ತಿರಸ್ಕರಿಸುವುದು ದೇಗುಲವನ್ನು ಕೆಡವಿದಂತೆ; ಅದು ಶರಣಸಮ್ಮತವಲ್ಲ. ಆದರೆ ಗುಣವಾಗುವ ಆಸೆಯು ಸಂಪೂರ್ಣವಾಗಿ ಅಳಿದ ಮೇಲೆ, ಸಾಯುವ ಕ್ರಿಯೆಯನ್ನೇ ಯಂತ್ರದಿಂದ ಉದ್ದ ಮಾಡುವುದು ಚಿಕಿತ್ಸೆಯಲ್ಲ. ಗಾಳಿಯಲ್ಲಿ ಆರಿಹೋಗುವ ದೀಪಕ್ಕೆ ಕೈ ಅಡ್ಡ ಹಿಡಿಯುವುದು ಧರ್ಮ. ಎಣ್ಣೆ ತೀರಿದ ದೀಪದ ಬತ್ತಿಯನ್ನು ಕೆದಕುತ್ತ ಕೂಡುವುದು ಮೋಹ.

ಭಾರತದ ನ್ಯಾಯಶಾಸ್ತ್ರವೂ ಇದೇ ವ್ಯತ್ಯಾಸವನ್ನು ಬಹುಕಾಲದ ವಿಚಾರದ ನಂತರ ಅಂಗೀಕರಿಸಿದೆ. ಈ ವಿಚಾರಕ್ಕೆ ಕಾರಣವಾದ ಪ್ರಕರಣಗಳಲ್ಲಿ ಪ್ರಮುಖವಾದುದು ಕನ್ನಡ ನೆಲದ ಹೆಣ್ಣುಮಗಳೊಬ್ಬಳದು. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ನಡೆದ ಪೈಶಾಚಿಕ ಹಲ್ಲೆಯಿಂದ ಅವರ ಮೆದುಳು ಘಾಸಿಗೊಂಡಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಮಿಕ್ಕು, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಮುಕ್ತಿ ದೊರೆಯಲೆಂದು ಲೇಖಕಿಯೊಬ್ಬರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅವರನ್ನು ಮಗುವಿನಂತೆ ನೋಡಿಕೊಂಡ ದಾದಿಯರು ಬೇಡವೆಂದರು. 2011ರ ಮಾರ್ಚ್ 7ರಂದು ನ್ಯಾಯಾಲಯವು ಆ ಬಿನ್ನಹವನ್ನು ತಿರಸ್ಕರಿಸಿತಾದರೂ, ಮುಂದೆ ಇಂತಹ ಪ್ರಸಂಗಗಳಲ್ಲಿ ಉಚ್ಚ ನ್ಯಾಯಾಲಯದ ಅನುಮತಿಯಿಂದ ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದು ದಾರಿ ತೋರಿಸಿತು. ಆ ದಾದಿಯರು ಮಾಡಿದ ಸೇವೆಯು ದಾಸೋಹವೇ ಸರಿ. ಮುಕ್ತಿಯನ್ನು ಬೇಡಿದವರದೂ ಕರುಣೆಯೇ ಸರಿ. ಆದರೆ ಎರಡು ಕಡೆಯ ಕರುಣೆಯೂ ಒಂದೇ ಸಂಗತಿಯನ್ನು ಅರಿಯದಾಗಿತ್ತು: ಅರುಣಾ ಅವರ ಮನಸ್ಸಿನಲ್ಲೇನಿತ್ತು ಎಂಬುದನ್ನು. ಇಪ್ಪತ್ತರ ಹರೆಯದ ಆ ದಾದಿಗೆ ಅದನ್ನು ಹೇಳಿಡುವ ಪ್ರಸಂಗವೇ ಬಂದಿರಲಿಲ್ಲ.

2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟ ಜೀವಿಸುವ ಹಕ್ಕಿನ ಭಾಗವೇ ಆಗಿದೆಯೆಂದು ತೀರ್ಪಿತ್ತಿತು. ಪ್ರಾಪ್ತವಯಸ್ಕನಾದ ಯಾವ ವ್ಯಕ್ತಿಯಾದರೂ ಮುಂಗಡ ವೈದ್ಯಕೀಯ ನಿರ್ದೇಶನ ಪತ್ರವನ್ನು ಬರೆದಿಡಬಹುದೆಂದು ಹೇಳಿತು. ಅಂದು ವಿಧಿಸಿದ ಕ್ರಮವು ಕಠಿಣವಾಗಿತ್ತು. ಪತ್ರಕ್ಕೆ ನ್ಯಾಯಾಧೀಶರ ರುಜು ಬೇಕಾಗಿತ್ತು. 2023ರ ಜನವರಿ 24ರ ಆದೇಶದಿಂದ ಅದು ಸರಳವಾಯಿತು. ಈಗ ಇಬ್ಬರು ಸಾಕ್ಷಿದಾರರ ಸಮಕ್ಷಮ ಬರೆದು, ನೋಟರಿಯಿಂದ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆದರೆ ಸಾಕು. ಕರ್ನಾಟಕ ಸರ್ಕಾರವು 2025ರ ಜನವರಿ 30ರಂದು ಇದನ್ನು ರಾಜ್ಯದಲ್ಲಿ ಜಾರಿಗೊಳಿಸುವ ಆದೇಶ ಹೊರಡಿಸಿತು. ಘನತೆಯ ಮರಣದ ಹಕ್ಕಿಗಾಗಿ ದೀರ್ಘಕಾಲ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಆಗ ನಾಡಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿಯಬೇಕು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದಕ್ಕೆ ಈ ಆದೇಶಗಳಲ್ಲಿ ಎಡೆಯಿಲ್ಲ. ಅದು ಹಿಂದೆಯೂ ಅಪರಾಧವಾಗಿತ್ತು, ಈಗಲೂ ಅಪರಾಧವೇ. ಪತ್ರ ಬರೆದೊಡನೆ ವೈದ್ಯರು ಕೈಬಿಡುತ್ತಾರೆಂಬ ಭಯವೂ ಬೇಡ. ರೋಗಿಯು ತಾನೇ ಮಾತನಾಡಿ ನಿರ್ಧರಿಸಲಾರದ ಸ್ಥಿತಿಗೆ ಬಂದಾಗ ಮಾತ್ರ ಆ ಪತ್ರಕ್ಕೆ ಜೀವ ಬರುತ್ತದೆ. ಆಗಲೂ ಚಿಕಿತ್ಸೆ ನೀಡುವ ವೈದ್ಯರೂ ಇಬ್ಬರು ತಜ್ಞರೂ ಇರುವ ಮೊದಲ ಮಂಡಲಿಯು ಒಪ್ಪಬೇಕು. ಸರ್ಕಾರದ ವತಿಯಿಂದ ನೇಮಕವಾದ ವೈದ್ಯರೊಬ್ಬರಿರುವ ಎರಡನೆಯ ಮಂಡಲಿಯು ಪುನಃ ಪರೀಕ್ಷಿಸಿ ಒಪ್ಪಬೇಕು. ಮೊದಲ ದರ್ಜೆಯ ನ್ಯಾಯಾಧೀಶರಿಗೆ ತಿಳಿಸಿದ ಮೇಲೆಯೇ ಯಂತ್ರವನ್ನು ತೆಗೆಯಬೇಕು. ಬರೆದವನು ಬುದ್ಧಿ ಸ್ವಸ್ಥವಾಗಿರುವವರೆಗೆ ಯಾವಾಗ ಬೇಕಾದರೂ ಅದನ್ನು ಲಿಖಿತವಾಗಿ ರದ್ದುಮಾಡಬಹುದು, ಬದಲಿಸಬಹುದು. ನೋವನ್ನು ಶಮನಗೊಳಿಸುವ ಉಪಚಾರವಂತೂ ಕೊನೆಯ ಉಸಿರಿನವರೆಗೆ ನಡೆಯತಕ್ಕದ್ದು. ಚಿಕಿತ್ಸೆಯು ನಿಲ್ಲಬಹುದು, ಆರೈಕೆಯು ನಿಲ್ಲಕೂಡದು.

ಕಾನೂನು ಒಪ್ಪಿತೆಂಬ ಮಾತ್ರಕ್ಕೆ ಧರ್ಮವು ಒಪ್ಪಬೇಕೆಂದೇನೂ ಇಲ್ಲ. ಆದರೆ ಅಂತ್ಯವನ್ನು ಕುರಿತು ಮುಂಗಡವಾಗಿ ಬರೆದಿಟ್ಟ ಉದಾಹರಣೆಯು ಈ ನಾಡಿನ ಪೂಜ್ಯರ ಬಾಳಿನಲ್ಲಿಯೇ ಇದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳವರು 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಪತ್ರವನ್ನು ಬರೆದಿಟ್ಟಿದ್ದರು. ದೇಹವನ್ನು ಸಮಾಧಿ ಮಾಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ವಿಧಿಗಳು ಬೇಡ, ಭಸ್ಮವನ್ನು ನದಿಯಲ್ಲಿ ಅಥವಾ ಸಾಗರದಲ್ಲಿ ವಿಸರ್ಜಿಸಬೇಕು, ಸ್ಮಾರಕ ಕಟ್ಟಕೂಡದು ಎಂಬುದು ಅದರ ಇಂಗಿತ. ಅವರು 2023ರ ಜನವರಿ 2ರಂದು ತಮ್ಮ ಆಶ್ರಮದಲ್ಲಿಯೇ ಲಿಂಗೈಕ್ಯರಾದರು. ಲಕ್ಷಾಂತರ ಭಕ್ತರು ನೆರೆದಿದ್ದರು. ಕ್ರಿಯಾಸಮಾಧಿಯು ರೂಢಿಯಾಗಿರುವ ಸಮಾಜದಲ್ಲಿ ಅಗ್ನಿಸಂಸ್ಕಾರವು ಎಷ್ಟು ಚರ್ಚೆಗೆ ಕಾರಣವಾಗಬಹುದಾಗಿತ್ತು! ಆದರೆ ಗುರುವಿನ ಮಾತು ಬರೆಹದಲ್ಲಿತ್ತು. ಶಿಷ್ಯರು ಅದರಂತೆಯೇ ನಡೆದರು. ಆ ಪತ್ರವು ದೇಹಾಂತ್ಯದ ನಂತರದ ವಿಷಯವನ್ನು ಹೇಳುವುದು, ಚಿಕಿತ್ಸೆಯ ವಿಷಯವನ್ನಲ್ಲ ಎಂಬುದು ನಿಜ. ಆದರೂ ಅದರ ಪಾಠವು ಇಲ್ಲಿಗೂ ಅನ್ವಯಿಸುತ್ತದೆ. ಹೋಗುವವರು ಸ್ಪಷ್ಟವಾಗಿ ಹೇಳಿಹೋದರೆ ಉಳಿದವರಿಗೆ ದುಃಖವೊಂದೇ ಉಳಿಯುತ್ತದೆ, ಸಂಶಯವು ಉಳಿಯುವುದಿಲ್ಲ.

ಬರೆಹದ ಬೆಲೆಯನ್ನು ಗದಗ ಪ್ರಾಂತದ ಭಕ್ತರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದ ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಸ್ಥಾಪಿಸಿದರು. ಏಷ್ಯಾ ಖಂಡದ ಮೊದಲ ಕೃಷಿ ಸಹಕಾರಿ ಸಂಘವೆಂದು ಆ ಸಣ್ಣ ಊರು ಕೀರ್ತಿ ಪಡೆಯಿತು. ಅಂದಿನ ಕಾನೂನಿನಲ್ಲಿ ಗ್ರಾಮಗಳ ಸಂಘಕ್ಕೆ ಅಪರಿಮಿತ ಹೊಣೆಯ ನಿಯಮವಿತ್ತು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಒಬ್ಬರನ್ನೊಬ್ಬರು ಅಷ್ಟು ನಂಬಿದ ಜನರು ಕೂಡ ಲೆಕ್ಕವನ್ನು ಕಾಗದದ ಮೇಲೆ ಬರೆದು, ಸಾಕ್ಷಿ ಹಾಕಿಸಿದರು. ಏಕೆ? ನಂಬಿಕೆಯಿಲ್ಲದ್ದಕ್ಕಲ್ಲ; ನಂಬಿಕೆಯು ಕೆಡಬಾರದೆಂಬುದಕ್ಕೆ. ಪ್ರೀತಿಯಿದ್ದಲ್ಲಿಯೇ ಬರೆಹವು ಹೆಚ್ಚು ಅವಶ್ಯವೆಂಬುದನ್ನು ಆ ಹಿರಿಯರು ಅರಿತಿದ್ದರು. ಇಂದಿಗೂ ಸಂಘದಲ್ಲಿ ಠೇವಣಿ ಇಡುವ ಗೃಹಸ್ಥನು ತನ್ನ ನಂತರ ಆ ಹಣವು ಯಾರಿಗೆ ಸೇರಬೇಕೆಂದು ನಾಮನಿರ್ದೇಶನ ಮಾಡುತ್ತಾನೆ. ಹತ್ತು ಸಾವಿರ ರೂಪಾಯಿಯ ವಿಷಯದಲ್ಲಿ ಇಷ್ಟು ಜಾಗರೂಕನಾದವನು ತನ್ನ ಕೊನೆಯ ಉಸಿರಿನ ವಿಷಯದಲ್ಲಿ ಒಂದು ಮಾತನ್ನೂ ಹೇಳದೆ ಹೋಗುವುದು ವಿಚಿತ್ರವಲ್ಲವೇ?

ಈ ಮಾತು ಎಲ್ಲಿ ಪ್ರಾರಂಭವಾಗಬೇಕು? ದೊಡ್ಡ ಆಸ್ಪತ್ರೆಯ ನಿಗಾ ಘಟಕದಲ್ಲಿ ಅಲ್ಲ. ಅಲ್ಲಿ ಕಾಲ ಮೀರಿರುತ್ತದೆ, ವೈದ್ಯನು ಅಪರಿಚಿತನಾಗಿರುತ್ತಾನೆ, ರೋಗಿಯ ಬಾಯಿ ಕಟ್ಟಿರುತ್ತದೆ. ಪ್ರಾರಂಭವಾಗಬೇಕಾದುದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮನೆತನವನ್ನು ಬಲ್ಲ ವೈದ್ಯರ ಎದುರಿನಲ್ಲಿ. ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆಗಾಗಿ ತಿಂಗಳು ತಿಂಗಳಿಗೆ ಬರುವ ಹಿರಿಯರು ಅಲ್ಲಿ ಸ್ವಸ್ಥಚಿತ್ತದಿಂದ ಕುಳಿತಿರುತ್ತಾರೆ. "ಅಜ್ಜಾ, ಮುಂದ ನಿಮಗ ಮಾತಾಡಾಕ ಆಗದಂಗ ಆದ್ರ, ನಿಮ್ಮ ಪರವಾಗಿ ಯಾರು ಮಾತಾಡಬೇಕು?" ಎಂಬ ಒಂದೇ ಪ್ರಶ್ನೆಯನ್ನು ವೈದ್ಯರು ಮೃದುವಾಗಿ ಕೇಳಿದರೆ ಬಾಗಿಲು ತೆರೆದಂತಾಗುತ್ತದೆ. ಒಂದು ದಿನದಲ್ಲಿ ಎಲ್ಲವೂ ತೀರ್ಮಾನವಾಗಬೇಕಾಗಿಲ್ಲ. ಮುಂದಿನ ತಿಂಗಳು ಮಗನನ್ನು ಜೊತೆಗೆ ಕರೆತರಬಹುದು, ಅದರ ಮುಂದಿನ ತಿಂಗಳು ಮಗಳನ್ನು. ಮನೆಮನೆಗೂ ಹೋಗುವ ಆಶಾ ಕಾರ್ಯಕರ್ತೆಯು ಹೆಣ್ಣುಮಕ್ಕಳ ಮನಸ್ಸಿನ ಮಾತನ್ನು ಕೇಳಬಲ್ಲಳು. ಬರೆದ ಪತ್ರದ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಯ ಬಳಿ ಇಡಬೇಕೆಂದು ನ್ಯಾಯಾಲಯವು ಹೇಳಿರುವುದರಿಂದ ಗ್ರಾಮ ಪಂಚಾಯಿತಿಗೂ ಇಲ್ಲಿ ಕೆಲಸವುಂಟು. ನೆರೆಯ ಕೇರಳವು 2008ರಲ್ಲಿಯೇ ಉಪಶಮನ ಆರೈಕೆಯ ನೀತಿಯನ್ನು ರೂಪಿಸಿ, ಪಂಚಾಯಿತಿಗಳ ಮೂಲಕ ರೋಗಿಯ ಮನೆಬಾಗಿಲಿಗೇ ದಾದಿಯರನ್ನು ಕಳುಹಿಸುವ ಏರ್ಪಾಡು ಮಾಡಿತು. ಊರು ಕೈಗೂಡಿಸಿದರೆ ಮನೆಯಲ್ಲಿ ನೆಮ್ಮದಿಯಿಂದ ಸಾಯುವುದು ಅಸಾಧ್ಯವಲ್ಲವೆಂಬುದಕ್ಕೆ ಅದು ಸಾಕ್ಷಿ.

ಇನ್ನು ಮೂರನೆಯ ಆಕ್ಷೇಪವನ್ನು ಮರೆಮಾಚಬಾರದು. ಆಸ್ತಿಯ ಆಸೆಯುಳ್ಳ ಮಗನು ತಂದೆಯಿಂದ ಬಲವಂತವಾಗಿ ಬರೆಸಿಕೊಂಡರೇನು ಗತಿ? "ಮಕ್ಕಳಿಗೆ ಭಾರವಾದೆ" ಎಂಬ ಸಂಕಟದಿಂದ ಬಡ ತಾಯಿಯೊಬ್ಬಳು ಬೇಡದ ಸಾವನ್ನು ಒಪ್ಪಿಕೊಂಡರೇನು ಗತಿ? ಈ ಭಯವು ನಿರಾಧಾರವಾದುದಲ್ಲ. ಕಾನೂನು ಸಾಕ್ಷಿಗಳನ್ನೂ ಮಂಡಲಿಗಳನ್ನೂ ಇಟ್ಟಿರುವುದು ಇದಕ್ಕಾಗಿಯೇ. ಆದರೆ ಮನೆಯೊಳಗಿನ ಬಲವಂತವು ಸಾಕ್ಷಿಯ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಕಾಯಬೇಕಾದುದು ಶರಣಧರ್ಮವೇ. ಹೆತ್ತವರು ಭಾರವೆಂಬ ಮಾತು ಹುಟ್ಟುವ ಮನೆಯಲ್ಲಿ ದಾಸೋಹವು ಸತ್ತಿದೆಯೆಂದೇ ತಿಳಿಯಬೇಕು. ಹಿರಿಯರ ಸೇವೆಯು ಋಣದ ತೀರುವೆಯಲ್ಲ, ಪ್ರಸಾದ. ಆದುದರಿಂದ ಮಗನು ತಂದೆಗೆ ಮೊದಲು ಹೇಳಬೇಕಾದ ಮಾತು, "ಅಪ್ಪಾ, ಬರೆದಿಡು" ಎಂಬುದಲ್ಲ. "ಅಪ್ಪಾ, ನಿನ್ನನ್ನು ನೋಡಿಕೊಳ್ಳುವುದು ನನಗೆ ಭಾರವಲ್ಲ" ಎಂಬುದು. ಆ ಮಾತನ್ನು ನಂಬಿದ ಮೇಲೆ ತಂದೆಯು ಏನನ್ನು ಹೇಳುವನೋ ಅದು ಅವನ ಸ್ವಂತ ಮಾತು. ಅವನು ಕೊನೆಯ ತನಕ ಎಲ್ಲ ಚಿಕಿತ್ಸೆಯೂ ಬೇಕೆಂದು ಹೇಳಿದರೂ ಹೇಳಬಹುದು. ಅದನ್ನೂ ಅಷ್ಟೇ ಗೌರವದಿಂದ ಬರೆದುಕೊಳ್ಳಬೇಕು. ಬೇಡವೆಂಬ ಮಾತಿಗಿಂತ ಬೇಕೆಂಬ ಮಾತು ಕೀಳಲ್ಲ. ಅವನನ್ನು ಕೇಳುವುದು ಮುಖ್ಯ, ಅವನ ಉತ್ತರವು ಅವನದು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೇಳುವಿಕೆಯು ಇನ್ನೂ ಅವಶ್ಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಮಹಾದೇವಿಯೂ ನೀಲಾಂಬಿಕೆಯೂ ತಮ್ಮ ಮಾತನ್ನು ತಾವೇ ಆಡಿದರು. ಅವರ ಪರವಾಗಿ ಗಂಡಸರು ಆಡಲಿಲ್ಲ. ಆ ಪರಂಪರೆಯ ಮನೆಗಳಲ್ಲಿ ಇಂದು ತಾಯಿಯ ಚಿಕಿತ್ಸೆಯನ್ನು ಕುರಿತು ಗಂಡ, ಮಗ, ಅಳಿಯ ಎಲ್ಲರನ್ನೂ ಕೇಳುತ್ತಾರೆ, ತಾಯಿಯನ್ನೊಬ್ಬಳನ್ನು ಬಿಟ್ಟು. ಮನೆಯವರೆಲ್ಲರ ಹಸಿವನ್ನು ಅರಿತು ಬಡಿಸಿದವಳ ಕೊನೆಯ ಇಚ್ಛೆಯನ್ನು ಯಾರೂ ಅರಿಯದಿರುವುದು ಸಣ್ಣ ಅನ್ಯಾಯವಲ್ಲ.

ಪತ್ರದಲ್ಲಿ ಏನಿರಬೇಕು? ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆಯು ಬೇಡ ಎಂಬುದು ಸಂದಿಗ್ಧವಿಲ್ಲದಂತೆ ಇರಬೇಕು: ಕೃತಕ ಉಸಿರಾಟ, ರಕ್ತ ಶುದ್ಧಿಯ ಯಂತ್ರ, ನಳಿಕೆಯ ಆಹಾರ ಮೊದಲಾದವು. ತಾನು ಮಾತನಾಡಲಾರದಾಗ ನಿರ್ಧರಿಸಬೇಕಾದವರ ಹೆಸರು ಇರಬೇಕು. ಕನಿಷ್ಠ ಇಬ್ಬರನ್ನಾದರೂ ಹೆಸರಿಸಬೇಕು. ಇದು ಆಸ್ತಿಯ ಉಯಿಲಿನಿಂದ ಬೇರೆಯಾದ ಕಾಗದವಾಗಿದ್ದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಇದರ ಜೊತೆಗೆ ಕಾನೂನು ಕೇಳದ, ಆದರೆ ಭಕ್ತನ ಹೃದಯವು ಬೇಡುವ ಕೆಲವು ಮಾತುಗಳನ್ನೂ ಮನೆಯವರಿಗೆ ಹೇಳಿಡಬಹುದು. ಸಾಧ್ಯವಿರುವವರೆಗೆ ಇಷ್ಟಲಿಂಗವು ಅಂಗದ ಮೇಲೆಯೇ ಇರಲಿ. ಕೊನೆಯ ಗಳಿಗೆಯಲ್ಲಿ ಹಣೆಗೆ ವಿಭೂತಿಯಿರಲಿ. ಪಂಚಾಕ್ಷರಿಯ ದನಿಯು ಕಿವಿಗೆ ಬೀಳಲಿ. ಮಕ್ಕಳ ಕೈಯಿಂದ ಒಂದು ಹನಿ ಪಾದೋದಕವು ತುಟಿಗೆ ತಾಗಲಿ. ಸಾಧ್ಯವಾದರೆ ಹುಟ್ಟಿ ಬೆಳೆದ ಮನೆಯ ಸೂರಿನ ಕೆಳಗೇ ಕಣ್ಣು ಮುಚ್ಚಲಿ. ಗಾಜಿನ ಬಾಗಿಲಿನ ಆಚೆ ಮಕ್ಕಳನ್ನು ನಿಲ್ಲಿಸಿ, ಯಂತ್ರದ ಸದ್ದಿನ ನಡುವೆ ಒಂಟಿಯಾಗಿ ಹೋಗುವುದಕ್ಕೂ ಹೀಗೆ ಹೋಗುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ವಿಚಾರಿಸಿದಾಗ ಅಂತ್ಯಕಾಲದ ಮಾತನ್ನು ಮುಂಗಡವಾಗಿ ಆಡುವುದು ಕೇವಲ ಅನುಕೂಲವಲ್ಲ, ಕರ್ತವ್ಯವೆಂಬುದು ಸ್ಪಷ್ಟವಾಗುತ್ತದೆ. ಅದು ಶಿವನ ಇಚ್ಛೆಗೆ ಅಡ್ಡಬರುವುದಲ್ಲ. ಶಿವನ ಕರೆ ಬಂದಾಗ ಮೋಹವು ಅಡ್ಡಬರದಂತೆ ನೋಡಿಕೊಳ್ಳುವುದು. ಅದು ಸ್ವಾರ್ಥವಲ್ಲ, ಮಕ್ಕಳಿಗೆ ಮಾಡುವ ಕೊನೆಯ ದಾಸೋಹ. ಮೇಲೆ ಹೇಳಿದ ಆ ಮನೆಯ ತಾಯಿಯು ಒಂದು ಸಂಜೆ ತನ್ನ ಮಾತನ್ನು ಪೂರ್ತಿ ಆಡಿದ್ದರೆ, ಮಗನು ಅದನ್ನು ಪೂರ್ತಿ ಕೇಳಿದ್ದರೆ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಮಗಳ ಪ್ರಶ್ನೆಗೆ ಉತ್ತರವು ದೊರೆಯುತ್ತಿತ್ತು. ಸೆರಗಿನಲ್ಲಿದ್ದ ಲಿಂಗವು ತಾಯಿಯ ಎದೆಗೆ ಮರಳುತ್ತಿತ್ತು. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದರು. ಆದುದರಿಂದ ಹಿರಿಯರು ಇಂತಹ ಮಾತನ್ನು ತೆಗೆದಾಗ ಸದ್ಭಕ್ತನಾದವನು ತಡೆಯದಿರಲಿ; ಹತ್ತಿರ ಸರಿದು ಕುಳಿತುಕೊಳ್ಳಲಿ, "ಹೇಳವ್ವಾ, ಕೇಳ್ತೀನಿ" ಎನ್ನಲಿ.